ವೃದ್ಧರ ವೈದ್ಯೆ ಡಾ. ಮಾರ್ಜರಿ ವಾರನ್

ಜೀವನ ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವರು ರಾಜ್ಯ ಕಟ್ಟಿದವರು, ಯುದ್ಧ ಗೆದ್ದವರು, ಕಾವ್ಯ ಬರೆದವರು, ನಾಡಿನ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಸೇರಿದವರು. ಅವರ ಕೀರ್ತಿ ದೊಡ್ಡದು; ಅದನ್ನು ಯಾರೂ ಅಲ್ಲಗಳೆಯಲಾರರು. ಎಲ್ಲರೂ ಕೈಬಿಟ್ಟ ಒಂದು ಕೋಣೆಯೊಳಕ್ಕೆ ಹೋಗಿ, ಅಲ್ಲಿ ಮಲಗಿದ್ದ ಒಬ್ಬೊಬ್ಬರ ಹಾಸಿಗೆಯ ಪಕ್ಕದಲ್ಲೂ ನಿಂತು, ಇವರಿಗೆ ನಿಜವಾಗಿ ಬೇಕಾದುದೇನು ಎಂದು ವಿಚಾರಿಸಿದವರ ಚರಿತ್ರೆಯೂ ಓದತಕ್ಕದ್ದೇ. ಅಂತಹವರಿಗೆ ಊರ ಚೌಕದಲ್ಲಿ ಪ್ರತಿಮೆಗಳು ನಿಲ್ಲುವುದಿಲ್ಲ. ಅವರು ಮಾಡಿದ ಕೆಲಸ ಮಾತ್ರ ಅವರ ಹೆಸರನ್ನೂ ಅರಿಯದ ಸಹಸ್ರಾರು ಜನರ ಕೊನೆಗಾಲವನ್ನು ಹಗುರ ಮಾಡುತ್ತಿರುತ್ತದೆ. ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರನ್ ಅಂತಹವರಲ್ಲಿ ಒಬ್ಬರು. ಮುದುಕರ ವೈದ್ಯಶಾಸ್ತ್ರಕ್ಕೆ ತಾಯಿಯೆಂದು ಆ ಶಾಸ್ತ್ರದವರೆಲ್ಲ ಇವರನ್ನು ಗೌರವಿಸುತ್ತಾರೆ.

ಕಲಾ ವಿದ್ಯಾರ್ಥಿಗಳಾದ ನಮಗೂ ಒಬ್ಬ ಪರದೇಶದ ಡಾಕ್ಟರರಿಗೂ ಏನು ಸಂಬಂಧ ಎಂದು ಗೆಳೆಯರು ಕೇಳಬಹುದು. ಸಂಬಂಧವಿದೆ. ಮುಪ್ಪು ವೈದ್ಯರೊಬ್ಬರ ಸೊತ್ತಲ್ಲ. ಅದು ಸಮಾಜಶಾಸ್ತ್ರದ ವಿಷಯ, ಅರ್ಥಶಾಸ್ತ್ರದ ವಿಷಯ, ಎಲ್ಲಕ್ಕಿಂತ ಮೊದಲು ನಮ್ಮ ನಮ್ಮ ಮನೆಗಳ ವಿಷಯ. ೨೦೧೧ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅರುವತ್ತು ವರ್ಷ ದಾಟಿದವರು ಸುಮಾರು ೧೦ ಕೋಟಿ ೪೦ ಲಕ್ಷ ಮಂದಿ ಇದ್ದರು. ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಗಳನ್ನೇ ನೋಡಿದರೆ ಸಾಕು. ಮಕ್ಕಳು ಮಂಗಳೂರು, ಬೆಂಗಳೂರು, ಮುಂಬಯಿಗಳಲ್ಲೂ ಕೊಲ್ಲಿಯ ದೇಶಗಳಲ್ಲೂ ದುಡಿಯುತ್ತಾರೆ. ತೋಟದ ನಡುವಿನ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ, ಕೆಲವೆಡೆ ಒಬ್ಬರೇ. ಹಿಂದಿನ ಕೂಡುಕುಟುಂಬದ ದೊಡ್ಡ ಚಾವಡಿಯಲ್ಲಿ ಮುದುಕರಿಗೆ ಒಂದು ಮೂಲೆಯೂ, ಕರೆದರೆ ಓಗೊಡುವ ನಾಲ್ಕು ಮಂದಿಯೂ ಇರುತ್ತಿದ್ದರು. ಅಂತಹ ಮನೆಗಳು ಒಡೆದು ಪಾಲಾಗಿವೆ. ಆದ್ದರಿಂದ ವೃದ್ಧಾಶ್ರಮ ಎಂಬ ಮಾತು ಈಗ ನಮ್ಮ ಕಿವಿಗೆ ಹೊಸದಲ್ಲ. ಆಶ್ರಮಕ್ಕೆ ಸೇರಿದವರಿಗೆ ಎಷ್ಟು ಆರೈಕೆ ಬೇಕು, ಅದನ್ನು ಅಳೆಯುವ ಬಗೆ ಹೇಗೆ, ಅಳೆಯದಿದ್ದರೆ ಆಗುವ ಕೇಡೇನು ಎಂಬ ಪ್ರಶ್ನೆ ಈಗ ನಮ್ಮದೂ ಆಗಿದೆ. ಈ ಪ್ರಶ್ನೆಗೆ ಮೊದಲು ಕ್ರಮವಾದ ಉತ್ತರ ಕೊಟ್ಟವರು ವಾರನ್ನರು.

ಮಾರ್ಜರಿ ವಿನ್ಸಮ್ ವಾರನ್ನರು ೧೮೯೭ರ ಅಕ್ಟೋಬರ್ ೨೮ರಂದು ಲಂಡನ್ನಿನಲ್ಲಿ ಹುಟ್ಟಿದರು. ತಂದೆ ವಕೀಲರು. ಐವರು ಹೆಣ್ಣುಮಕ್ಕಳಲ್ಲಿ ಮಾರ್ಜರಿಯೇ ಹಿರಿಯರು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಹೆಸರಾಗಿದ್ದ ನಾರ್ತ್ ಲಂಡನ್ ಕಾಲೇಜಿಯೇಟ್ ಶಾಲೆಯಲ್ಲಿ ಕಲಿತು, ಮುಂದೆ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣ ಪಡೆದು, ೧೯೨೩ರಲ್ಲಿ ಡಾಕ್ಟರಾದರು. ಲಂಡನ್ನಿನ ಹೆಚ್ಚಿನ ವೈದ್ಯ ಶಾಲೆಗಳು ಹೆಣ್ಣುಮಕ್ಕಳನ್ನು ಬಾಗಿಲಲ್ಲೇ ತಡೆಯುತ್ತಿದ್ದ ಕಾಲದಲ್ಲಿ ರಾಯಲ್ ಫ್ರೀ ಅವರನ್ನು ಒಳಗೆ ಬರಮಾಡಿಕೊಂಡ ಸಂಸ್ಥೆ ಎಂಬುದನ್ನು ಇಲ್ಲಿ ನೆನೆಯಬೇಕು. ಕಲಿತು ಹೊರಬಂದ ಮೇಲೂ ಹೆಸರಾಂತ ದೊಡ್ಡ ಆಸ್ಪತ್ರೆಗಳಲ್ಲಿ ಮಹಿಳೆಯರಿಗೆ ಹುದ್ದೆ ದೊರೆಯುವುದು ಸುಲಭವಾಗಿರಲಿಲ್ಲ. ೧೯೨೬ರಲ್ಲಿ ವಾರನ್ನರು ಲಂಡನ್ನಿನ ಪಶ್ಚಿಮಕ್ಕಿರುವ ಐಲ್‌ವರ್ತ್ ಎಂಬಲ್ಲಿಯ ಸಾರ್ವಜನಿಕ ಆಸ್ಪತ್ರೆಯನ್ನು ಸೇರಿದರು. ಮುಂದೆ ಇದಕ್ಕೆ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಎಂದು ಹೆಸರಾಯಿತು. ಅಲ್ಲಿ ಅವರಿಗೆ ಒಲವಿದ್ದದ್ದು ಶಸ್ತ್ರಚಿಕಿತ್ಸೆಯಲ್ಲಿ. ಮುದುಕರ ಸೇವೆಗೆಂದು ಹಂಬಲಿಸಿ ಹೊರಟವರಲ್ಲ ಅವರು. ಕೆಲಸವೇ ಅವರನ್ನು ಹುಡುಕಿಕೊಂಡು ಬಂತು.

ಆ ಕೆಲಸ ಎಂತಹದೆಂದು ತಿಳಿಯಲು ಇಂಗ್ಲೆಂಡಿನ ಬಡವರ ಕಾಯಿದೆಯ ಕಥೆಯನ್ನು ಸ್ವಲ್ಪ ಅರಿಯಬೇಕು. ೧೬೦೧ರಲ್ಲಿ ರಾಣಿ ಎಲಿಜಬೆತ್ತಳ ಕಾಲದಲ್ಲಿ ಆದ ಕಾನೂನು ಬಡವರ ಪಾಲನೆಯನ್ನು ಆಯಾ ಊರಿನ ಹೊಣೆಯಾಗಿ ಮಾಡಿತು. ೧೮೩೪ರಲ್ಲಿ ಆ ಕಾನೂನು ಕಠಿಣವಾಯಿತು. ಕೈಲಾಗದವರು ಸಹಾಯ ಬೇಡಿದರೆ ಅವರು ದುಡಿಮೆಮನೆ ಎಂಬ ದೊಡ್ಡ ಕಟ್ಟಡದೊಳಕ್ಕೆ ಬಂದು ಇರಬೇಕು. ಅಲ್ಲಿಯ ಬಾಳು ಹೊರಗಿನ ಅತ್ಯಂತ ಬಡ ಕೂಲಿಯವನ ಬಾಳಿಗಿಂತ ಹಿತವಾಗಿರಬಾರದು ಎಂಬುದು ಅದರ ತತ್ವ. ಸೋಮಾರಿಗಳನ್ನು ಹೆದರಿಸುವುದಕ್ಕೆಂದು ಮಾಡಿದ ಏರ್ಪಾಡು ಇದು. ಆದರೆ ಕಾಲಕ್ರಮದಲ್ಲಿ ಆ ಕಟ್ಟಡಗಳಲ್ಲಿ ತುಂಬಿಕೊಂಡವರು ಸೋಮಾರಿಗಳಲ್ಲ. ಮುದುಕರು, ರೋಗಿಗಳು, ಬುದ್ಧಿ ಮಂಕಾದವರು, ದಿಕ್ಕಿಲ್ಲದವರು. ೧೯೨೯ರ ಕಾನೂನಿನಂತೆ ಮರುವರ್ಷ ಈ ಸಂಸ್ಥೆಗಳೆಲ್ಲ ಜಿಲ್ಲಾ ಸ್ಥಳೀಯಾಡಳಿತಗಳ ಕೈಗೆ ಬಂದವು. ಹೆಸರು ಬದಲಾಯಿತು, ಹಾಸಿಗೆಗಳು ಹಾಗೆಯೇ ಉಳಿದವು.

೧೯೩೫ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ತನ್ನ ನೆರೆಯಲ್ಲೇ ಇದ್ದ ಇಂತಹ ಒಂದು ದುಡಿಮೆಮನೆಯ ರೋಗಿಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ದೀರ್ಘ ಕಾಲದಿಂದ ಅಲ್ಲಿ ಬಿದ್ದುಕೊಂಡಿದ್ದ ೭೧೪ ಮಂದಿ ರೋಗಿಗಳ ಹೊಣೆ ಉಪ ವೈದ್ಯಾಧಿಕಾರಿಯಾಗಿದ್ದ ವಾರನ್ನರ ಪಾಲಿಗೆ ಬಂತು. ಅವರಲ್ಲಿ ಬಹುಪಾಲು ವೃದ್ಧರು. ಅವರನ್ನೆಲ್ಲ ಒಟ್ಟಾಗಿ ಗುಣವಾಗದವರು ಎಂದು ಕರೆಯುವುದು ರೂಢಿ. ಹಾಗೆ ಕರೆದ ಮೇಲೆ ವೈದ್ಯರು ಪರೀಕ್ಷಿಸುವುದಕ್ಕೆ ಏನು ಉಳಿಯಿತು? ಊಟ ಕೊಡುತ್ತಿದ್ದರು, ಮೈ ಒರೆಸುತ್ತಿದ್ದರು, ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಪಕ್ಷವಾತ ಬಡಿದವನೂ, ಕಾಲು ಮುರಿದವಳೂ, ಹೃದಯದ ಕಾಯಿಲೆಯವನೂ, ಬುದ್ಧಿ ಕಲಕಿದವಳೂ, ಮನೆಯಿಲ್ಲದೆ ಬಂದು ಸೇರಿದವನೂ ಸಾಲಾಗಿ ಒಂದೇ ವಾರ್ಡಿನಲ್ಲಿ. ಬೆಳಕು ಮಂಕು, ಗೋಡೆ ಮಂಕು. ವರ್ಷಗಟ್ಟಲೆ ಮಲಗಿ ಮಲಗಿ ಅವರ ಕೀಲುಗಳು ಮಡಿಸಿದಂತೆಯೇ ಬಿಗಿದುಕೊಂಡಿದ್ದವು, ಬೆನ್ನಿನಲ್ಲಿ ಹಾಸಿಗೆಹುಣ್ಣು, ಮಾತು ಮರೆತುಹೋಗಿತ್ತು.

ವಾರನ್ನರು ಮಾಡಿದ ಮೊದಲ ಕೆಲಸ ಬಹಳ ಸರಳವಾದುದು. ಅವರು ಒಬ್ಬೊಬ್ಬರನ್ನೂ ಪರೀಕ್ಷಿಸಿದರು. ಸಾಧಾರಣ ಆಸ್ಪತ್ರೆಯಲ್ಲಿ ತರುಣನೊಬ್ಬ ಬಂದರೆ ಹೇಗೆ ರೋಗವನ್ನು ಗುರುತಿಸುವರೋ ಹಾಗೆಯೇ ಎಂಬತ್ತು ವರ್ಷದವರ ರೋಗವನ್ನೂ ಗುರುತಿಸಲು ಹೊರಟರು. ಈತ ಮಲಗಿರುವುದು ಯಾವ ಕಾರಣಕ್ಕೆ? ಆ ಕಾರಣ ಇನ್ನೂ ಉಳಿದಿದೆಯೇ, ಇಲ್ಲವೇ? ಈತನಿಗೆ ಏಳಲಾಗದೋ, ಅಥವಾ ಏಳಿಸಿದವರೇ ಇಲ್ಲವೋ? ಇಂತಹ ಪ್ರಶ್ನೆಗಳನ್ನು ೭೧೪ ಸಲ ಕೇಳುವುದೆಂದರೆ ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ಓದುಗರೇ ಊಹಿಸಬಹುದು.

ಪರೀಕ್ಷೆಯ ನಂತರ ಅವರು ರೋಗಿಗಳನ್ನು ಐದು ವರ್ಗಗಳಾಗಿ ವಿಂಗಡಿಸಿದರು. ದೀರ್ಘ ರೋಗವಿದ್ದರೂ ಹಾಸಿಗೆ ಬಿಟ್ಟು ಎದ್ದಿರಬಲ್ಲವರು ಒಂದನೆಯ ವರ್ಗ. ಹಾಸಿಗೆ ಹಿಡಿದಿದ್ದರೂ ಮಲಮೂತ್ರಗಳ ಮೇಲೆ ಹಿಡಿತವುಳ್ಳವರು ಎರಡನೆಯದು. ಆ ಹಿಡಿತ ತಪ್ಪಿದವರು ಮೂರನೆಯದು. ಮುಪ್ಪಿನಿಂದ ಬುದ್ಧಿ ಗಲಿಬಿಲಿಯಾಗಿದ್ದರೂ ಇತರರಿಗೆ ತೊಂದರೆ ಕೊಡದೆ ಸುಮ್ಮನಿರುವವರು ನಾಲ್ಕನೆಯದು. ಬುದ್ಧಿ ಪೂರ್ಣ ಕೆಟ್ಟು, ಇತರರಿಂದ ಬೇರೆಯಾಗಿ ಇರಿಸಿ ನೋಡಿಕೊಳ್ಳಬೇಕಾದವರು ಐದನೆಯದು. ಈಗ ನೋಡಿದರೆ ಇದು ಒರಟಾದ ಪಟ್ಟಿಯಂತೆ ಕಾಣಬಹುದು. ಆದರೆ ಇದರಲ್ಲಿ ಒಂದು ಹೊಸ ದೃಷ್ಟಿಯಿದೆ. ವಯಸ್ಸು ಎಷ್ಟು ಎಂಬುದು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಜಾತಿ, ಕುಲ, ಹಣ, ನಡತೆ ಇವೂ ಇಲ್ಲ. ಇರುವುದು ಇಷ್ಟೇ: ಈ ಮನುಷ್ಯನಿಗೆ ತಾನೇ ಏನು ಮಾಡಿಕೊಳ್ಳಲು ಬರುತ್ತದೆ, ಇನ್ನೊಬ್ಬರ ಕೈ ಎಲ್ಲಿ ಬೇಕು.

ಹೀಗೆ ವಿಂಗಡಿಸಿದ ಮೇಲೆ ಆರೈಕೆಗೂ ಒಂದು ದಾರಿ ತೋರಿತು. ಎದ್ದಿರಬಲ್ಲವರನ್ನು ಎಬ್ಬಿಸಿದರು. ಬಿಗಿದ ಕೀಲುಗಳಿಗೆ ದಿನವೂ ವ್ಯಾಯಾಮ ಮಾಡಿಸಿದರು. ಪಕ್ಷವಾತದವರಿಗೆ ಮತ್ತೆ ನಿಲ್ಲುವುದನ್ನು, ನಡೆಯುವುದನ್ನು, ಒಂದೇ ಕೈಯಿಂದ ಬಟ್ಟೆ ತೊಡುವುದನ್ನು ಕಲಿಸಿದರು. ವಾರ್ಡುಗಳಿಗೆ ತಿಳಿ ಬಣ್ಣ ಬಂತು, ಬೆಳಕು ಬಂತು, ಹಿಡಿದು ನಡೆಯಲು ಆಸರೆಕಂಬಿ ಬಂತು, ಕೂರಲು ಕುರ್ಚಿ ಬಂತು. ವೈದ್ಯರೊಬ್ಬರಿಂದಲೇ ಇದು ಆಗುವ ಕೆಲಸವಲ್ಲವೆಂದು ಕಂಡುಕೊಂಡ ವಾರನ್ನರು ದಾದಿಯರು, ವ್ಯಾಯಾಮ ಚಿಕಿತ್ಸಕರು, ಕೈಕೆಲಸ ಕಲಿಸುವವರು, ಮನೆಯವರೊಡನೆ ಮಾತಾಡುವ ಸಮಾಜ ಕಾರ್ಯಕರ್ತೆಯರು, ಇವರೆಲ್ಲರನ್ನೂ ಒಂದು ತಂಡವಾಗಿ ಸೇರಿಸಿದರು. ರೋಗಿಯ ಮನಸ್ಸಿನಲ್ಲಿ ಆಸೆ ಹುಟ್ಟದಿದ್ದರೆ ಯಾವ ಔಷಧವೂ ಕಾಲೂರಿ ನಿಲ್ಲಿಸದು ಎಂಬುದು ಅವರ ದೃಢ ನಂಬಿಕೆ. ಆ ಆಸೆಯನ್ನು ಹುಟ್ಟಿಸುವುದೂ ಚಿಕಿತ್ಸೆಯ ಒಂದು ಭಾಗವೆಂದೇ ಅವರು ಎಣಿಸಿದರು.

ಫಲ ಕಾಣಲು ಬಹಳ ಕಾಲ ಬೇಕಾಗಲಿಲ್ಲ. ಬದುಕು ಮುಗಿಯಿತೆಂದು ಮಲಗಿದ್ದ ಹಲವರು ಎದ್ದು ನಡೆದರು. ಕೆಲವರು ತಮ್ಮ ಮನೆಗಳಿಗೆ ಮರಳಿದರು. ಆಸ್ಪತ್ರೆಯ ಅಗತ್ಯವಿಲ್ಲದ, ಆದರೆ ಮನೆಯೂ ಇಲ್ಲದ ಕೆಲವರು ವೃದ್ಧರ ವಸತಿಗಳಿಗೆ ಹೋದರು. ೭೧೪ ಇದ್ದ ಹಾಸಿಗೆಗಳ ಸಂಖ್ಯೆಯನ್ನು ಸುಮಾರು ೨೪೦ಕ್ಕೆ ಇಳಿಸಲು ಅವರಿಗೆ ಸಾಧ್ಯವಾಯಿತು. ಹಾಸಿಗೆ ಬಿಟ್ಟು ಹೊರಡುವವರ ಸಂಖ್ಯೆ ಮೂರು ಪಟ್ಟು ಹೆಚ್ಚಿತು. ಉಳಿದ ಜಾಗ ಬೇರೆ ರೋಗಿಗಳಿಗೆ ದೊರಕಿತು. ಲೆಕ್ಕವನ್ನು ಮಾತ್ರ ನೋಡುವ ಅಧಿಕಾರಿಗಳಿಗೆ ಇದು ಉಳಿತಾಯವಾಗಿ ಕಂಡಿರಬಹುದು. ಆದರೆ ಆ ಲೆಕ್ಕದ ಹಿಂದೆ ನೂರಾರು ಮಂದಿಗೆ ತಿರುಗಿ ಸಿಕ್ಕಿದ ಬದುಕಿತ್ತು.

ಇಲ್ಲಿ ಒಂದು ವಿಚಾರವನ್ನು ನಿಧಾನವಾಗಿ ನೋಡಬೇಕು. ಬಡವರ ಕಾಯಿದೆಯವರೂ ಜನರನ್ನು ವಿಂಗಡಿಸಿದರು, ವಾರನ್ನರೂ ವಿಂಗಡಿಸಿದರು. ಹಾಗಾದರೆ ವ್ಯತ್ಯಾಸವೇನು? ಹಳೆಯ ವಿಂಗಡಣೆ ಈತ ಸಹಾಯಕ್ಕೆ ಅರ್ಹನೋ ಅಲ್ಲವೋ ಎಂದು ಬಾಗಿಲಲ್ಲಿ ಒಮ್ಮೆ ಕೇಳಿ, ಉತ್ತರವನ್ನು ಬರೆದಿಟ್ಟು, ಪುಸ್ತಕ ಮುಚ್ಚುತ್ತಿತ್ತು. ಒಳಗೆ ಹೋದವನು ಸಾಯುವ ತನಕ ಅದೇ ಹೆಸರಿನವನು. ವಾರನ್ನರ ವಿಂಗಡಣೆ ಚಿಕಿತ್ಸೆಯ ಆರಂಭ. ಇವತ್ತು ಎರಡನೆಯ ವರ್ಗದಲ್ಲಿರುವವನು ನಾಳೆ ಒಂದನೆಯ ವರ್ಗಕ್ಕೆ ಬರಲೆಂದೇ ಅವನನ್ನು ಎರಡನೆಯದರಲ್ಲಿ ಬರೆಯುವುದು. ಒಂದು ಪಟ್ಟಿ ಮನುಷ್ಯನನ್ನು ಕಟ್ಟಿಹಾಕುತ್ತದೆ. ಇನ್ನೊಂದು ಪಟ್ಟಿ ಅವನಿಗೆ ಏಣಿಯಾಗುತ್ತದೆ. ನಾವು ಮುಂದೆ ಯಾವುದೇ ಕಛೇರಿಯಲ್ಲಿ ಕುಳಿತು ಯಾರ ಹೆಸರಿನ ಮುಂದೆ ಏನನ್ನೇ ಬರೆಯುವಾಗಲೂ ಈ ಎರಡು ಬಗೆಯ ಬರವಣಿಗೆಯ ಅಂತರ ನೆನಪಿನಲ್ಲಿರಬೇಕು.

ತಮ್ಮ ಅನುಭವವನ್ನು ವಾರನ್ನರು ೧೯೪೩ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿಯೂ ೧೯೪೬ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿಯೂ ಪ್ರಕಟಿಸಿದರು. ಮುದುಕ ರೋಗಿಗಳನ್ನು ಊರ ಹೊರಗಿನ ಬೇರೆ ಕಟ್ಟಡಕ್ಕೆ ತಳ್ಳದೆ ಸಾಮಾನ್ಯ ಆಸ್ಪತ್ರೆಯ ಆವರಣದಲ್ಲೇ ಅವರಿಗೊಂದು ವಿಭಾಗವಿರಬೇಕು. ಪರೀಕ್ಷಾ ಸೌಕರ್ಯಗಳೆಲ್ಲ ಅವರಿಗೂ ದೊರೆಯಬೇಕು. ವೈದ್ಯ ವಿದ್ಯಾರ್ಥಿಗಳೂ ದಾದಿಯರೂ ಅಲ್ಲಿ ಕಲಿಯಬೇಕು. ಮುದುಕರ ವೈದ್ಯವನ್ನು ಒಂದು ಪ್ರತ್ಯೇಕ ವಿದ್ಯೆಯೆಂದು ಒಪ್ಪಬೇಕು. ಇವು ಅವರ ವಾದದ ಸಾರ. ಈ ವಿದ್ಯೆಗೆ ಜೆರಿಯಾಟ್ರಿಕ್ಸ್ ಎಂಬ ಹೆಸರನ್ನು ಇಟ್ಟವರು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನ್ಯಾಷರ್. ಅದು ೧೯೦೯ರ ಮಾತು. ಹೆಸರು ಮೊದಲೇ ಹುಟ್ಟಿತ್ತು. ಆ ಹೆಸರಿಗೆ ವಾರ್ಡಿನಲ್ಲಿ ಜೀವ ತುಂಬಿದವರು ವಾರನ್ನರು. ೧೯೪೭ರಲ್ಲಿ ಟ್ರೆವರ್ ಹೋವೆಲ್ ಮುಂತಾದ ವೈದ್ಯರೊಡನೆ ಸೇರಿ ವೃದ್ಧರ ಆರೈಕೆಗಾಗಿ ಒಂದು ವೈದ್ಯ ಸಂಘವನ್ನು ಕಟ್ಟುವುದರಲ್ಲಿ ಅವರೂ ಪಾಲುಗೊಂಡರು. ೧೯೫೯ರಲ್ಲಿ ಅದಕ್ಕೆ ಬ್ರಿಟಿಷ್ ಜೆರಿಯಾಟ್ರಿಕ್ಸ್ ಸೊಸೈಟಿ ಎಂದು ಹೆಸರಾಯಿತು. ೧೯೪೮ರ ಜುಲೈ ೫ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಈ ವಿದ್ಯೆಗೂ ಅದರಲ್ಲಿ ಸ್ಥಾನ ದೊರೆಯಿತು.

ಅದೇ ೧೯೪೮ರಲ್ಲಿ ಆದ ಇನ್ನೊಂದು ಕಾನೂನಿನಂತೆ ಬ್ರಿಟನ್ನಿನಲ್ಲಿ ಹಳೆಯ ಬಡವರ ಕಾಯಿದೆ ಅಂತ್ಯಗೊಂಡು, ಆರೈಕೆ ಬೇಕಾದ ವೃದ್ಧರಿಗೆ ವಸತಿ ಒದಗಿಸುವುದು ಸ್ಥಳೀಯಾಡಳಿತದ ಕರ್ತವ್ಯವಾಯಿತು. ಆದರೆ ಕಾನೂನು ಬದಲಾದ ಮಾತ್ರಕ್ಕೆ ಎಲ್ಲವೂ ನೇರ್ಪಡುವುದಿಲ್ಲ. ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ೧೭೩ ವೃದ್ಧರ ವಸತಿಗಳನ್ನು ಸುತ್ತಿ ನೋಡಿ ೧೯೬೨ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಹಳೆಯ ದುಡಿಮೆಮನೆಗಳ ಕಟ್ಟಡಗಳಲ್ಲೇ ಇನ್ನೂ ಸಾವಿರಾರು ಮುದುಕರು ವಾಸಿಸುತ್ತಿದ್ದುದನ್ನು ಅವರು ಕಂಡರು. ಯೋಗ್ಯವಾದ ಮನೆಯೂ ಸ್ವಲ್ಪ ನೆರವೂ ಇದ್ದಿದ್ದರೆ ಅವರಲ್ಲಿ ಅನೇಕರು ವಸತಿಗೆ ಬರಬೇಕಾಗಿಯೇ ಇರಲಿಲ್ಲ ಎಂಬುದು ಅವರ ನಿರ್ಣಯ. ಅಂದರೆ ಬಾಗಿಲಲ್ಲಿ ಬರಮಾಡಿಕೊಳ್ಳುವ ಮೊದಲು ಸರಿಯಾಗಿ ವಿಚಾರಿಸಿದವರಿರಲಿಲ್ಲ. ವಾರನ್ನರು ೧೯೩೫ರಲ್ಲಿ ಕೇಳಿದ ಪ್ರಶ್ನೆಯನ್ನು ಆಸ್ಪತ್ರೆಯಲ್ಲಿ ಮಾತ್ರವಲ್ಲದೆ ವಸತಿಗಳಲ್ಲಿಯೂ ಕೇಳಬೇಕಾಗಿತ್ತು.

ಆ ಪ್ರಶ್ನೆಯನ್ನು ಎಲ್ಲರೂ ಒಂದೇ ರೀತಿ ಕೇಳುವಂತೆ ಮಾಡಿದವರು ಮುಂದಿನ ತಲೆಮಾರಿನವರು. ೧೯೬೩ರಲ್ಲಿ ಅಮೆರಿಕದ ಸಿಡ್ನಿ ಕಾಟ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಆರು ಕೆಲಸಗಳ ಪಟ್ಟಿಯನ್ನು ಮಾಡಿದರು: ಸ್ನಾನ, ಉಡುಪು ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರಗಳ ಹಿಡಿತ, ಊಟ. ರೋಗದಿಂದ ಚೇತರಿಸುವ ಮುದುಕನಿಗೆ ಊಟ ಮಾಡುವ ಶಕ್ತಿ ಬೇಗನೆಯೂ ಉಡುಪು ಸ್ನಾನಗಳ ಶಕ್ತಿ ಕೊನೆಗೂ ಮರಳುತ್ತದೆಂದು, ಮಗು ಬೆಳೆಯುವ ಕ್ರಮಕ್ಕೂ ಇದಕ್ಕೂ ಹೋಲಿಕೆಯಿದೆಯೆಂದು ಅವರು ಗಮನಿಸಿದರು. ೧೯೬೫ರಲ್ಲಿ ವೈದ್ಯೆ ಫ್ಲಾರೆನ್ಸ್ ಮಹೋನಿ ಮತ್ತು ವ್ಯಾಯಾಮ ಚಿಕಿತ್ಸಕಿ ಡೊರೊತಿಯಾ ಬಾರ್ಥೆಲ್ ಹತ್ತು ಕೆಲಸಗಳ ಇನ್ನೊಂದು ಅಳತೆಯನ್ನು ಪ್ರಕಟಿಸಿದರು. ಪರೀಕ್ಷೆಗೆ ಅಂಕ ಕೊಡುವಂತೆ ಒಂದೊಂದು ಕೆಲಸಕ್ಕೂ ಅಂಕ; ಎಲ್ಲವನ್ನೂ ತಾನೇ ಮಾಡಿಕೊಳ್ಳುವವನಿಗೆ ನೂರಕ್ಕೆ ನೂರು. ನೂರು ಪಡೆದವನೂ ಒಂಟಿಯಾಗಿ ಬಾಳಬಲ್ಲನೆಂದು ಹೇಳಲಾಗದು. ಅಡುಗೆ ಮಾಡುವುದು, ಪೇಟೆಗೆ ಹೋಗುವುದು ಆ ಹತ್ತರಲ್ಲಿ ಸೇರಿಲ್ಲ. ಈ ಎರಡು ಅಳತೆಗಳೂ ಇಂದಿಗೂ ಲೋಕದ ಅನೇಕ ಕಡೆ ಬಳಕೆಯಲ್ಲಿವೆ.

ಇಂತಹ ಅಳತೆ ಏಕೆ ಬೇಕು ಎಂಬುದಕ್ಕೆ ದೂರದ ಉದಾಹರಣೆ ಬೇಡ. ಸವಣೂರಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ನನ್ನ ಫೀಸಿನ ಹಣದಲ್ಲಿ ಬಹುಪಾಲು ಅಜ್ಜಿಯೂ ಅಮ್ಮನೂ ಬೀಡಿ ಕಟ್ಟಿ ಸಂಪಾದಿಸಿದ್ದು. ಅಜ್ಜಿಗೆ ಈಗ ಮೊಣಕಾಲು ಹಿಡಿದಿದೆ. ಅಂಗಳದ ಮೆಟ್ಟಲು ಇಳಿಯಲು ಒಬ್ಬರ ಕೈ ಬೇಕು, ಬಚ್ಚಲಿಗೆ ಬಿಸಿನೀರು ಹೊತ್ತು ಕೊಡಬೇಕು. ಆದರೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಕೂತರೆ ಬೀಡಿ ಎಲೆಯನ್ನು ಅಳತೆ ತಪ್ಪದೆ ಕತ್ತರಿಸುತ್ತಾರೆ, ಸುರುಳಿ ಸುತ್ತಿ ನೂಲು ಬಿಗಿಯುತ್ತಾರೆ; ವಾರದ ಲೆಕ್ಕದಲ್ಲಿ ಒಂದು ಕಟ್ಟು ಕಡಮೆಯಾದರೆ ಮೊದಲು ಹಿಡಿಯುವವರೂ ಅವರೇ. ಯಾರಾದರೂ ಬಂದು, ಇವರು ನಡೆಯುತ್ತಾರೆಯೇ ಎಂದು ಒಂದೇ ಪ್ರಶ್ನೆ ಕೇಳಿ ಹೋದರೆ, ಅವರ ಪುಸ್ತಕದಲ್ಲಿ ಅಜ್ಜಿ ಏನೂ ಕೈಲಾಗದವರು. ಹತ್ತು ಪ್ರಶ್ನೆ ಕೇಳಿದರೆ, ಎರಡು ಕಡೆ ನೆರವು ಸಾಕು, ಉಳಿದುದಕ್ಕೆ ಬೇಡ ಎಂದು ತಿಳಿಯುತ್ತದೆ. ಬೇಡದ ಕಡೆಯೂ ಕೈ ಹಿಡಿಯತೊಡಗಿದರೆ, ಇರುವ ಶಕ್ತಿಯೂ ಹೋಗುತ್ತದೆ. ಪ್ರೀತಿಯಿಂದಲೇ ಮುದುಕರನ್ನು ಮಲಗಿಸಿಬಿಡುವ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿಲ್ಲ! ಮಲಗಿಸುವುದೇ ಮರ್ಯಾದೆಯೆಂದು ನಾವು ತಿಳಿಯುತ್ತೇವೆ. ಅಗತ್ಯವಿಲ್ಲದ ಹಾಸಿಗೆ ಮುದುಕರಿಗೆ ಅಪಾಯಕರವೆಂದು ವಾರನ್ನರು ತೋರಿಸಿಕೊಟ್ಟರು.

ಹಾಗೆಂದು ಅಂಕಗಳ ಮೇಲೆ ಪೂರ್ಣ ಭರವಸೆ ಇಡುವುದೂ ತಪ್ಪು. ಪರೀಕ್ಷೆಯ ಅಂಕ ವಿದ್ಯಾರ್ಥಿಯ ಎಲ್ಲ ಗುಣವನ್ನೂ ಹೇಳದು ಎಂಬುದು ನಮಗೆಲ್ಲ ಗೊತ್ತು. ಹಾಗೆಯೇ ಮುದುಕರಿಗೆ ಕೊಡುವ ಅಂಕ ಒಂಟಿತನವನ್ನು ಅಳೆಯಲಾರದು. ಮಗನನ್ನು ಕಳೆದುಕೊಂಡ ದುಃಖವನ್ನು, ತನ್ನ ಭಾಷೆಯಲ್ಲಿ ಮಾತಾಡುವವರಿಲ್ಲದ ಸಂಕಟವನ್ನು ಅಳೆಯಲಾರದು. ಇವತ್ತು ಏನು ಮಾಡುತ್ತಾನೆ ಎಂಬುದನ್ನು ಅದು ಹೇಳುತ್ತದೆ. ಕಲಿಸಿದರೆ ನಾಳೆ ಏನು ಮಾಡಿಯಾನು ಎಂಬುದನ್ನು ಹೇಳುವುದಿಲ್ಲ. ಇದಲ್ಲದೆ ಹಣದ ತೊಡಕೂ ಇದೆ. ಹೆಚ್ಚು ಆರೈಕೆಗೆ ಹೆಚ್ಚು ಹಣವೆಂದಾದರೆ ಅಗತ್ಯವನ್ನು ಹಿಗ್ಗಿಸಿ ಬರೆಯುವ ಆಸೆ ಹುಟ್ಟಬಹುದು. ಎಲ್ಲರಿಗೂ ಒಂದೇ ಹಣವೆಂದಾದರೆ ಸುಲಭದವರನ್ನು ಮಾತ್ರ ಸೇರಿಸಿಕೊಂಡು ಕಷ್ಟದವರನ್ನು ಹಿಂದಕ್ಕೆ ಕಳಿಸುವ ಆಸೆ ಹುಟ್ಟಬಹುದು. ಆದ್ದರಿಂದ ಅಳೆಯುವವರು ಹಣ ಎಣಿಸುವವರಿಂದ ಬೇರೆಯಾಗಿರುವುದು ಲೇಸು. ಒಮ್ಮೆ ಅಳೆದು ಬಿಡದೆ, ಆಗಾಗ ಮತ್ತೆ ಅಳೆಯುವುದೂ ಲೇಸು. ಮುದುಕರನ್ನೇ ಕೇಳಿ, ಅವರ ಮಾತಿಗೂ ಬೆಲೆ ಕೊಟ್ಟು ಬರೆಯುವುದು ಇನ್ನೂ ಲೇಸು.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರೂರಿದ್ದು ತಡವಾಗಿ. ೧೯೭೮ರಲ್ಲಿ ಮದರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ಅವರ ಪ್ರಯತ್ನದಿಂದ ವೃದ್ಧರ ಹೊರರೋಗಿ ವಿಭಾಗ ಆರಂಭವಾಯಿತು. ೧೯೯೬ರಲ್ಲಿ ಮದರಾಸು ವೈದ್ಯ ಕಾಲೇಜು ಈ ವಿಷಯದಲ್ಲಿ ಸ್ನಾತಕೋತ್ತರ ಪದವಿಯ ತರಗತಿಯನ್ನು ತೆರೆಯಿತು. ೨೦೦೭ರಲ್ಲಿ ಪಾರ್ಲಿಮೆಂಟು ತಂದೆತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕಾನೂನು ಮಾಡಿತು. ರಾಜ್ಯ ಸರಕಾರಗಳು ಜಿಲ್ಲೆಗೆ ಒಂದರಂತೆ, ದಿಕ್ಕಿಲ್ಲದ ಕನಿಷ್ಠ ೧೫೦ ವೃದ್ಧರಿಗೆ ಸಾಲುವ ಆಶ್ರಮಗಳನ್ನು ಹಂತಹಂತವಾಗಿ ಕಟ್ಟಬಹುದೆಂದೂ, ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕೆಂದೂ ಅದರಲ್ಲಿದೆ. ೨೦೧೦-೧೧ರಲ್ಲಿ ವೃದ್ಧರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ೧೫೦ ಎಂಬುದು ಹಾಸಿಗೆಗಳ ಲೆಕ್ಕ. ಆ ನೂರೈವತ್ತು ಮಂದಿಯಲ್ಲಿ ತಾವೇ ಸ್ನಾನ ಮಾಡುವವರೆಷ್ಟು, ರಾತ್ರಿ ಎರಡು ಸಲ ಎಬ್ಬಿಸಿ ಮಗ್ಗುಲು ಬದಲಿಸಬೇಕಾದವರೆಷ್ಟು, ದಾರಿ ತಪ್ಪಿ ಹೊರಗೆ ಹೋಗುವವರೆಷ್ಟು ಎಂದು ತಿಳಿಯದೆ ಎಷ್ಟು ಮಂದಿ ಸೇವಕರು ಬೇಕೆಂದು ಯಾರು ಹೇಳಬಲ್ಲರು? ಇಬ್ಬರು ಸಾಕಾಗುವಲ್ಲಿ ನಾಲ್ವರಿದ್ದರೆ ಹಣ ಹಾಳು. ನಾಲ್ವರು ಬೇಕಾದಲ್ಲಿ ಇಬ್ಬರೇ ಇದ್ದರೆ ಮುದುಕರ ಬೆನ್ನಿನಲ್ಲಿ ಹುಣ್ಣು. ಎಲ್ಲರಿಗೂ ಸಮಾನವಾಗಿ ಹಂಚುವುದು ಇಲ್ಲಿ ನ್ಯಾಯವಲ್ಲ. ಅವರವರ ಅಗತ್ಯದಂತೆ ಹಂಚುವುದೇ ನ್ಯಾಯ.

ಈ ಕೆಲಸಕ್ಕೆ ಡಾಕ್ಟರರೇ ಬೇಕೆಂದಿಲ್ಲ ಎಂಬುದು ನಮ್ಮಂತಹವರಿಗೆ ಧೈರ್ಯದ ಮಾತು. ಬಾರ್ಥೆಲ್ ವ್ಯಾಯಾಮ ಚಿಕಿತ್ಸಕಿ, ಟೌನ್‌ಸೆಂಡ್ ಸಮಾಜಶಾಸ್ತ್ರಜ್ಞ. ರೋಗವನ್ನು ಗುರುತಿಸುವುದು ವೈದ್ಯರ ಕೆಲಸ. ದಿನದ ಬಾಳಿನಲ್ಲಿ ಎಲ್ಲಿ ತೊಡಕಿದೆಯೆಂದು ಕುಳಿತು ಕೇಳುವುದಕ್ಕೆ ತುಳುವಿನಲ್ಲೋ ಕನ್ನಡದಲ್ಲೋ ಬ್ಯಾರಿ ಭಾಷೆಯಲ್ಲೋ ಮಾತಾಡಬಲ್ಲ, ಕಿವಿಗೊಟ್ಟು ಆಲಿಸಬಲ್ಲ, ಕಂಡದ್ದನ್ನು ಇದ್ದಂತೆ ಬರೆಯಬಲ್ಲ ತರಬೇತಾದ ತರುಣರು ಸಾಕು. ನಮ್ಮ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ದುರಸ್ತಿಯೊಂದಿಗೆ ಈ ಕೆಲಸವನ್ನೂ ಕಲಿಸಬಹುದು. ಊರಿನ ಆಶಾ ಕಾರ್ಯಕರ್ತೆಯರಿಗೆ ಇದರಿಂದ ನೆರವಾದೀತು.

ವಾರನ್ನರ ಕೊನೆಯೂ ಕೆಲಸದ ನಡುವೆಯೇ ಬಂತು. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಅದೇ ಒಂದು ಆಸ್ಪತ್ರೆಯಲ್ಲಿ ದುಡಿದರು. ಅವರ ವಾರ್ಡುಗಳನ್ನು ನೋಡಲು ಬೇರೆ ಬೇರೆ ಕಡೆಗಳಿಂದ ವೈದ್ಯರು ಬರುತ್ತಿದ್ದರು. ಅವರ ರೀತಿಯನ್ನು ಕಲಿತುಹೋಗಿ ತಮ್ಮ ಆಸ್ಪತ್ರೆಗಳಲ್ಲಿ ಆಚರಣೆಗೆ ತರುತ್ತಿದ್ದರು. ೧೯೬೦ರ ಸೆಪ್ಟೆಂಬರಿನಲ್ಲಿ ಯುರೋಪು ಖಂಡದಲ್ಲಿ ನಡೆಯಲಿದ್ದ ಒಂದು ಸಮ್ಮೇಳನಕ್ಕೆ ಮೋಟಾರಿನಲ್ಲಿ ಹೋಗುತ್ತಿದ್ದಾಗ ಆದ ಅಪಘಾತದಿಂದ ಅವರು ತೀರಿಕೊಂಡರು. ಆಗ ಅವರಿಗೆ ೬೨ ವರ್ಷ. ಮುದುಕರಿಗಾಗಿ ಇಷ್ಟು ಮಾಡಿದವರಿಗೆ ಪೂರ್ಣ ಮುಪ್ಪನ್ನು ಕಾಣುವ ಅವಕಾಶ ಸಿಗಲಿಲ್ಲ.

ವಾರನ್ನರು ಹೊಸ ಔಷಧವನ್ನು ಕಂಡುಹಿಡಿದವರಲ್ಲ, ಯಂತ್ರವನ್ನು ನಿರ್ಮಿಸಿದವರಲ್ಲ. ಅವರ ಕೈಯಲ್ಲಿದ್ದುದು ತಾಳ್ಮೆ, ಒಂದು ಬರೆಯುವ ಪುಸ್ತಕ, ಇವರಿಗೆ ಇನ್ನು ಏನೂ ಆಗದು ಎಂಬ ಮಾತನ್ನು ಪರೀಕ್ಷಿಸದೆ ನಂಬಲೊಲ್ಲದ ಮನಸ್ಸು. ಈ ಮೂರೂ ಹಣ ಕೊಟ್ಟು ತರುವ ವಸ್ತುಗಳಲ್ಲ. ಬಡ ಊರಿನಲ್ಲಿಯೂ ದೊರೆಯುತ್ತವೆ. ಈ ವರ್ಷ ಪದವಿ ಮುಗಿಸಿ ಹೊರಡುವ ನಮ್ಮಲ್ಲಿ ಕೆಲವರು ಕಛೇರಿಗಳಿಗೆ, ಕೆಲವರು ಶಾಲೆಗಳಿಗೆ, ಕೆಲವರು ಬ್ಯಾಂಕುಗಳಿಗೆ ಹೋಗಬಹುದು. ಎಲ್ಲಿಗೇ ಹೋದರೂ ಒಂದು ದಿನ ನಮ್ಮ ಮೇಜಿನ ಮುಂದೆ ಕೋಲೂರಿಕೊಂಡು ಒಬ್ಬರು ಬಂದು ನಿಲ್ಲುವರು. ಅವರ ವಯಸ್ಸನ್ನು ಬರೆದುಕೊಂಡ ಮೇಲೆ, ಅವರಿಗೆ ಏನು ಬರುತ್ತದೆ, ಎಲ್ಲಿ ಕೈ ಬೇಕು ಎಂದು ಇನ್ನೊಂದು ಪ್ರಶ್ನೆಯನ್ನೂ ಕೇಳೋಣ. ಡಾಕ್ಟರ್ ವಾರನ್ನರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.